ಮೆಟ್ಟಿಲು ಆಲ್ಬಮ್ಮಿನ ಗೋದಲಿ

ನನ್ನ ತಮ್ಮ ಸತ್ತ ದಿನ ನಮ್ಮ ಬಡಾವಣೆಗೆ ನೀರು ಬರಲಿಲ್ಲ. ದಟ್ಟಗಳ್ಳಿಯ ನಮ್ಮ ಕಡೆಯ ಬೀದಿಗಳಿಗೆಲ್ಲ ನೀರು ಬಿಡುವವನು ಅವನೇ. ಬೆಳಿಗ್ಗೆ ಐದೂವರೆಗೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯನ್ನು ಸ್ಕೂಟರಿನ ಕಾಲಡಿಗೆ ಇಟ್ಟುಕೊಂಡು ಹೊರಟವನು, ಪಾರ್ಕಿನ ಪಕ್ಕದ ಗುಂಡಿಯ ಬಳಿ ಕುಸಿದು ಕೂತಿದ್ದನಂತೆ. ವಾಕಿಂಗಿಗೆ ಬಂದವರು ಏನೋ ರಿಪೇರಿ ಮಾಡುತ್ತಿದ್ದಾನೆ ಅಂದುಕೊಂಡು ಎರಡು ಸುತ್ತು ಹಾಕಿದ್ದಾರೆ. ಮೂರನೇ ಸುತ್ತಿನಲ್ಲಿ ಒಬ್ಬರು ಬಗ್ಗಿ ನೋಡಿದರು. ಆಸ್ಪತ್ರೆಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನಿಗೆ ನಲವತ್ತಮೂರು ವರ್ಷ.

ಅವನ ಪರ್ಸು, ಇಯರ್‌ಫೋನು, ಫೋನುಗಳನ್ನು ಒಂದು ಕವರಿನಲ್ಲಿ ಹಾಕಿ ನರ್ಸು ನನ್ನ ಕೈಗೆ ಕೊಟ್ಟರು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದೆ.

"ಏನ್ರೀ, ಏಳೂವರೆ ಆಯ್ತು, ಇನ್ನೂ ನೀರು ಬಿಟ್ಟಿಲ್ವಲ್ರೀ?" ಒಬ್ಬ ಹೆಂಗಸು.

"ಇವತ್ತು ಬರಲ್ಲ ಕಣ್ರೀ."

"ಯಾಕಂತೆ?"

"ಬಿಡೋರು ತೀರ್ಕೊಂಡ್ರು."

ಆಕೆ, "ಹಾಗಾದ್ರೆ ನಾಳೆ?" ಎಂದರು.

"ನಾಳೆ ಬೇರೆಯವ್ರು ಬಿಡ್ತಾರೆ" ಎಂದೆ. ಆಮೇಲೆ ಬಂದ ಫೋನುಗಳಿಗೂ ಇದನ್ನೇ ಹೇಳಿದೆ. ಸಿಟ್ಟು ಬರಲಿಲ್ಲ. ನೀರಿಲ್ಲದವರು ಕೇಳುವುದು ಸಹಜ ಅನ್ನಿಸಿತು.

ಅಳುವೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೆ. ಯಾರಾದರೂ ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು, ಅಷ್ಟೇ. ಹಾಲುತುಪ್ಪ ಆಯಿತು, ಹನ್ನೊಂದನೆಯ ದಿನ ತಿಥಿಯೂ ಆಯಿತು. ಊರಿಂದ ಬಂದ ನೆಂಟರು "ಅಕ್ಕ ಕಲ್ಲಾಗೋಗವ್ಳೆ" ಎಂದು ನನ್ನೆದುರಿಗೇ ಮಾತಾಡಿಕೊಂಡರು. ಮಾರನೆಯ ದಿನ ನಾನು ಕೆಲಸಕ್ಕೆ ಹೋದೆ. ಕೋರ್ಟಿನ ಹತ್ತಿರ ನನ್ನದೊಂದು ಪುಟ್ಟ ಟೈಪಿಂಗ್ ಅಂಗಡಿ. ಅಫಿಡವಿಟ್ಟು, ಬಾಡಿಗೆ ಕರಾರು, ಹೆಸರು ತಿದ್ದುಪಡಿಯ ಅರ್ಜಿ, ಇಂಥವನ್ನು ಟೈಪು ಮಾಡಿಕೊಡುತ್ತೇನೆ. ನಾನು ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಅಪ್ಪ, ಅಮ್ಮ ಈಗಿಲ್ಲ; ದಟ್ಟಗಳ್ಳಿಯ ಮನೆಯಲ್ಲಿ ಕೆಳಗೆ ನಾನು, ಮಹಡಿಯಲ್ಲಿ ತಮ್ಮ ಮತ್ತು ಅವನ ಹೆಂಡತಿ. ಅವರಿಗೆ ಮಕ್ಕಳಿಲ್ಲ. ಈಗ ಮೇಲೆ ಅವಳೊಬ್ಬಳೇ.

ತಿಥಿ ಕಳೆದ ಮೊದಲ ಭಾನುವಾರ ಹತ್ತೂವರೆಗೆ ಗೇಟಿನ ಸದ್ದಾಯಿತು. ನೋಡಿದರೆ ಮೇಷ್ಟ್ರು ಮತ್ತು ಬೇಕರಿಯವರು. ಮೇಷ್ಟ್ರು ಚರ್ಚಿನ ಕ್ವಾಯರಿಗೆ ಕೀಬೋರ್ಡ್ ನುಡಿಸುವವರು, ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಾರೆ. ಐವತ್ತೈದು ದಾಟಿದೆ. ತಾತನ ಕಾಲದಿಂದ ಮೈಸೂರಿನಲ್ಲೇ ಇರುವ ಕ್ಯಾಥೊಲಿಕ್ ಕುಟುಂಬ. ಬೆಳಗಿನ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ನೇರವಾಗಿ ಬರುತ್ತಿದ್ದರು. ಬೇಕರಿಯವರ ಅಂಗಡಿ ಇರುವುದು ಕೃಷ್ಣಮೂರ್ತಿಪುರಂನಲ್ಲಿ, ಹುಟ್ಟಿದ್ದು ನಮ್ಮೂರಿನ ಪಕ್ಕದೂರು. ಅವರು ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ಕೈಯಲ್ಲಿ ಯಾವತ್ತಿನಂತೆ ಖಾರಾ ಬನ್ನಿನ ಪೊಟ್ಟಣವಿತ್ತು.

ಏಳೆಂಟು ವರ್ಷಗಳಿಂದ ಪ್ರತಿ ಭಾನುವಾರ ಇವರಿಬ್ಬರೂ ತಮ್ಮನ ಕೋಣೆಯಲ್ಲಿ ಕೂತು ಹಿಪ್ ಹಾಪ್ ಕೇಳುತ್ತಿದ್ದರು. ಅಮೆರಿಕದ ಕಪ್ಪು ಜನರ ಬೀದಿಗಳಲ್ಲಿ ಹುಟ್ಟಿದ, ತಾಳಕ್ಕೆ ಪ್ರಾಸ ಹೆಣೆದು ಮಾತಾಡುವ ಆ ಹಾಡುಗಳು ಇವರಿಗೆ ಹೊಸದು ಬೇಡ, ಹಳೆಯವೇ ಆಗಬೇಕು. ವಾರಕ್ಕೆ ಒಂದೇ ಆಲ್ಬಮ್, ಮೊದಲಿಂದ ಕೊನೆಯವರೆಗೆ. ರೆಕಾರ್ಡಿನ ಒಂದು ಮಗ್ಗುಲು ಮುಗಿಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಮುಗಿದ ಮೇಲೆ ಎಷ್ಟು ಹೊತ್ತು ಬೇಕಾದರೂ ಜಗಳವಾಡಬಹುದು. ನಾನು ಒಂದು ಸಲವೂ ಮೇಲೆ ಹೋಗಿ ಕೂತವಳಲ್ಲ. ಕಾಫಿ ಮಾಡಿ ಕೊಟ್ಟು ಕೆಳಗಿದ್ದುಬಿಡುತ್ತಿದ್ದೆ. ನನಗೆ ಕೇಳಿಸುತ್ತಿದ್ದುದು ಛಾವಣಿಯ ಮೂಲಕ ಇಳಿಯುವ ಡುಬುಡುಬು ಸದ್ದು ಮಾತ್ರ.

ಅವತ್ತು ಇಬ್ಬರೂ ವೆರಾಂಡದಲ್ಲಿ ನಿಂತರು.

"ಏನಿಲ್ಲ ಮೇಡಂ, ಸುಮ್ನೆ... ಕಾಲು ಈ ಕಡೆಗೇ ಬಂದ್ಬುಡ್ತು" ಎಂದರು ಮೇಷ್ಟ್ರು.

ತಮ್ಮನ ಹೆಂಡತಿ ಮೇಲಿಂದ ಇಳಿದು ಬಂದಳು. ಹತ್ತಿರದ ಶಾಲೆಯಲ್ಲಿ ಆಯಾ ಆಗಿರುವ ಅವಳದು ಮಾತು ಕಡಿಮೆ. "ಬನ್ನಿ, ರೂಮು ಗುಡ್ಸಿದೀನಿ" ಎಂದು ಅವರನ್ನು ಕರೆದು, ನನ್ನ ಕಡೆ ತಿರುಗಿ, "ಅತ್ಗೆ, ನೀವೂ ಬನ್ನಿ. ನನ್ ಕೈಲಿ ಒಬ್ಳೇ ಕೂತ್ಕೊಳಕ್ಕಾಗಲ್ಲ" ಎಂದಳು.

ಹೋದೆ. ಹೋಗದಿರುವುದಕ್ಕೂ ಒಂದು ಕಾರಣ ಬೇಕಲ್ಲ, ಅದು ನನ್ನಲ್ಲಿರಲಿಲ್ಲ.

ಇದೆಲ್ಲ ಶುರುವಾದದ್ದು ಒಂಟಿಕೊಪ್ಪಲಿನಲ್ಲಿ. ಅಪ್ಪ ಹೋದ ಮೇಲೆ ಅಮ್ಮ ಊರಿನ ಜಮೀನನ್ನು ಚಿಕ್ಕಪ್ಪನಿಗೆ ವಹಿಸಿ, ನಮ್ಮಿಬ್ಬರನ್ನು ಕರೆದುಕೊಂಡು ಮೈಸೂರಿಗೆ ಬಂದು, ಅಲ್ಲಿನ ಒಂದು ಮನೆಯಲ್ಲಿ ಅಡುಗೆಗೆ ಸೇರಿದಳು. ಆ ಮನೆಯವರು ಮಹಡಿಯ ಕೋಣೆಗಳನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ಎರಡು ಮೂರು ತಿಂಗಳಿದ್ದು ವಾಪಸು ಹೋಗುವಾಗ ಅವರು ಹೊರಲಾರದ್ದನ್ನೆಲ್ಲ ಬಿಟ್ಟು ಹೋಗುತ್ತಿದ್ದರು. ಚಾಪೆ, ಅರ್ಧ ಓದಿದ ಪುಸ್ತಕ, ಸೊಳ್ಳೆಗೆ ಹಚ್ಚುವ ಮುಲಾಮು. ಒಂದು ವರ್ಷ ಶೂ ಡಬ್ಬದ ತುಂಬ ಕ್ಯಾಸೆಟ್ಟುಗಳಿದ್ದವು. ಅಮ್ಮ ಅದನ್ನು ತಂದು ತಮ್ಮನ ಮುಂದಿಟ್ಟಳು. ಅವನಿಗೆ ಹದಿನೈದು, ನನಗೆ ಹತ್ತೊಂಬತ್ತು.

ಮೊದಲನೆಯದನ್ನು ಹಾಕಿದಾಗ ಅಮ್ಮ ಅಡುಗೆಮನೆಯಿಂದ ಕೂಗಿದಳು: "ಇದ್ಯಾವನೋ ಇವ್ನು, ಯಾರ್ ಮೇಲೆ ಇಂಗೆ ಜಗಳ ಕಾಯ್ತಾವ್ನೆ?"

ತಮ್ಮ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ.

ಇಂಗ್ಲಿಷ್ ಹೆಸರುಗಳನ್ನು ಓದಲು ಅವನಿಗೆ ತ್ರಾಸಾಗುತ್ತಿತ್ತು. ಹಾಗಾಗಿ ಹೊದಿಕೆಯ ಚಿತ್ರ ನೋಡಿ ತಾನೇ ಹೆಸರಿಟ್ಟ. ಇಟ್ಟಿಗೆ ಮನೆಯೊಂದರ ಮುಂದೆ ನಾಲ್ಕು ಜನ ಕೂತಿದ್ದದ್ದು 'ಮೆಟ್ಟಿಲು'. ಇನ್ನೊಂದು 'ಕಿತ್ತಳೆ', ಮತ್ತೊಂದು 'ಬೊಚ್ಚುಬಾಯಿ ತಾತ'. ನಿಜವಾದ ಹೆಸರುಗಳು ಆಮೇಲೆ ಗೊತ್ತಾದರೂ ಈ ಹೆಸರುಗಳೇ ಉಳಿದವು. ಮೇಷ್ಟ್ರ ಬಾಯಲ್ಲೂ ಅವೇ.

ನಾನು ಆಗ ಟೈಪಿಂಗ್ ಕಲಿಯುತ್ತಿದ್ದೆ. ಅಭ್ಯಾಸಕ್ಕೆ ಏನಾದರೂ ಮ್ಯಾಟರ್ ಬೇಕಾಗುತ್ತಿತ್ತು. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಹಾಡಿನ ಮಾತುಗಳು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿದ್ದವು. ಅದನ್ನೇ ಟೈಪು ಮಾಡಿದೆ. ಮನೆಗೆ ತಂದಾಗ ತಮ್ಮ ಬಿಡಲಿಲ್ಲ. "ಅಕ್ಕ, ಇದೇನಂತೆ ಹೇಳು. ಇಲ್ಲಿ ಏನೋ ಸಂಕಟ ಪಡ್ತಾವ್ನೆ, ಏನಂತೆ?" ಸ್ಕೂಲಿನ ಡಿಕ್ಷನರಿ ಇಟ್ಟುಕೊಂಡು ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಟ್ಟೆ. ಬೀದಿಯ ಮಾತುಗಳು ಆ ಡಿಕ್ಷನರಿಯಲ್ಲಿ ಎಲ್ಲಿಂದ ಬರಬೇಕು? ಸಿಕ್ಕಿದ ಅರ್ಥ ಹಾಕಿದೆ, ಸಿಗದ ಕಡೆ ಊಹೆ ಮಾಡಿದೆ. ಎರಡು ವರ್ಷದಲ್ಲಿ ಡಬ್ಬದಲ್ಲಿದ್ದವೆಲ್ಲ ಮುಗಿದವು. ಆಮೇಲೆ ನನಗೆ ಕೆಲಸ ಸಿಕ್ಕಿತು, ಆ ಹಾಡುಗಳನ್ನು ಮರೆತೆ.

ಅವನು ಮರೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ಗುತ್ತಿಗೆಯ ಮೇಲೆ ನೀರು ಬಿಡುವ ಕೆಲಸಕ್ಕೆ ಸೇರಿದ. ಊರಿನವರು "ಪೇಟೆ ನೀರುಗಂಟಿ" ಎಂದು ರೇಗಿಸುತ್ತಿದ್ದರು. ಯೋಗದವರಲ್ಲಿ ವರ್ಷವರ್ಷವೂ ಮರಳಿ ಬರುವವರಿದ್ದರು. ಅಮ್ಮನ ಕೈಯಡುಗೆ ಉಂಡವರು "ಮುಂದಿನ ಸಲ ಏನು ತರಲಿ" ಎಂದು ಕೇಳುತ್ತಿದ್ದರಂತೆ. ಇವನು ರೆಕಾರ್ಡಿನ ಹೆಸರು ಬರೆದು ಕೊಡುತ್ತಿದ್ದ. ಹಾಗೆ ಒಂದೊಂದೇ ಕಪ್ಪು ತಟ್ಟೆಗಳು ಬಟ್ಟೆಯ ನಡುವೆ ಸುತ್ತಿಕೊಂಡು ಒಂಟಿಕೊಪ್ಪಲಿಗೆ ಬಂದಿಳಿದವು. ಬೇಕರಿಯವರು ಸಿಕ್ಕಿದ್ದು ಅವರ ಅಂಗಡಿಯಲ್ಲೇ. ಬ್ರೆಡ್ಡು ಕೊಳ್ಳಲು ಹೋದಾಗ ಒಳಗೆ ಒಲೆಯ ಹತ್ತಿರ 'ಕಿತ್ತಳೆ' ಓಡುತ್ತಿತ್ತಂತೆ. ಮೇಷ್ಟ್ರು ಸಿಕ್ಕಿದ್ದು ಮಂಡಿ ಮೊಹಲ್ಲದ ಒಂದು ಗುಜರಿ ಅಂಗಡಿಯಲ್ಲಿ. ಒಂದೇ ರೆಕಾರ್ಡಿಗೆ ಇಬ್ಬರೂ ಕೈ ಹಾಕಿ, ಇಬ್ಬರೂ ಬಿಡದೆ, ಕೊನೆಗೆ ಜೊತೆಯಲ್ಲಿ ಕಾಫಿಗೆ ಹೋದರು.

ಮೂವರಿಗೂ ಮೂರು ಬಗೆಯ ಹುಚ್ಚು. ಈ ಹಾಡುಗಳಲ್ಲಿ ಹಳೆಯ ಯಾವುದೋ ರೆಕಾರ್ಡಿನ ಒಂದು ತುಣುಕನ್ನು ಕತ್ತರಿಸಿ ಮತ್ತೆ ಮತ್ತೆ ಸುತ್ತಿಸಿರುತ್ತಾರೆ. ಅದು ಎಲ್ಲಿಂದ ಬಂದದ್ದು ಎಂದು ಹುಡುಕುವುದು ಮೇಷ್ಟ್ರ ಹುಚ್ಚು. ಬೇಕರಿಯವರು ಕ್ಯಾಸೆಟ್ಟು ಬಿಟ್ಟು ಬೇರೇನೂ ಕೂಡಿಡರು. "ರೆಕಾರ್ಡು ದೊಡ್ಡೋರ ಮನೇದು. ಈ ಹಾಡು ಬೀದೀಲಿ ಓಡಾಡಿದ್ದು ಕ್ಯಾಸೆಟ್ಟಲ್ಲಿ ಕಣ್ರೀ" ಎನ್ನುತ್ತಾರೆ. ತಮ್ಮನಿಗೆ ಮಾತು ಮುಖ್ಯ. ಏನು ಹೇಳುತ್ತಿದ್ದಾನೆ, ಯಾಕೆ ಹೇಳುತ್ತಿದ್ದಾನೆ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಅವನು ಹೋದ ಮೇಲಿನ ಭಾನುವಾರಗಳಲ್ಲಿ. ಜುಲೈ, ಆಗಸ್ಟು, ಸೆಪ್ಟೆಂಬರು. ನಾನು ಗೋಡೆಗೊರಗಿ ಚಾಪೆಯ ಮೇಲೆ ಕೂರುತ್ತಿದ್ದೆ. ತಮ್ಮನ ಹೆಂಡತಿ ಬಾಗಿಲ ಬಳಿ ಅಲಸಂದೆಕಾಯಿಯನ್ನೋ ಹುರುಳಿಕಾಯಿಯನ್ನೋ ಬಿಡಿಸುತ್ತಿದ್ದಳು. ರೆಕಾರ್ಡು ತಿರುಗುತ್ತಿತ್ತು. ಸೂಜಿ ಕೊನೆಗೆ ಬಂದು ಟಿಕ್ ಟಿಕ್ ಎಂದಾಗ ಮೊದಲೆಲ್ಲ ತಮ್ಮ ಎದ್ದು ಮಗುಚಿ ಹಾಕುತ್ತಿದ್ದನಂತೆ. ಈಗ ಮೂವರೂ ಒಂದು ಗಳಿಗೆ ಯಾರಾದರೂ ಏಳಲಿ ಎಂದು ಕಾಯುತ್ತಿದ್ದರು. ನಾನು ಇದನ್ನು ಬೇರೆ ಯಾರದೋ ಮನೆಯ ವಿಷಯವೆಂಬಂತೆ ನೋಡುತ್ತಿದ್ದೆ.

ಒಂದು ದಿನ ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಅವ್ರಿದ್ದಿದ್ರೆ ಈಗ ಅರ್ಥ ಬಿಡ್ಸಿ ಹೇಳೋರು. ಎಂಥ ಇಂಗ್ಲಿಷ್ ಮೇಡಂ ಅವ್ರದ್ದು! ನಮ್ ಸ್ಕೂಲಲ್ಲಿ ಎಂ.ಎ. ಮಾಡಿದೋರ್ಗೂ ಆ ಥರ ಬರಲ್ಲ."

ಬ್ಯಾಂಕಿನ ಇಂಗ್ಲಿಷ್ ಚಲನ್ನನ್ನೂ ಅವನಿಗೆ ನಾನೇ ತುಂಬಿಕೊಡುತ್ತಿದ್ದೆ.

ನವೆಂಬರಿನಲ್ಲಿ ತಮ್ಮನ ಹೆಂಡತಿ ಅಟ್ಟದ ಟ್ರಂಕು ಇಳಿಸಿದಾಗ ಅದರಲ್ಲಿ ಆ ಟೈಪು ಮಾಡಿದ ಹಾಳೆಗಳು ಸಿಕ್ಕವು. ರಟ್ಟಿನ ನಡುವೆ ಇಟ್ಟು, ಅಂಗಡಿಯ ಹಳದಿ ದಾರದಲ್ಲಿ ಕಟ್ಟಿದ್ದ. ಭಾನುವಾರ ಅವಳು ಅದನ್ನು ತಂದು ಚಾಪೆಯ ಮೇಲಿಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದುತ್ತ ಹೋದರು. ಅವರ ತುಟಿ ಅಲ್ಲಾಡುತ್ತಿತ್ತು.

"ಇದು ಅವ್ರು ಹೇಳ್ತಿದ್ದ ಮಾತು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ" ಎಂದು ತಲೆಯೆತ್ತಿದರು. "ಈ ಪೆನ್ಸಿಲ್ ಬರಹ ಯಾರ್ದು?"

"ನಂದು" ಎಂದೆ.

"ನಿಮ್ದಾ?"

"ಟೈಪಿಂಗ್ ಕಲೀವಾಗ ಬರೆದಿದ್ದು."

"ಅವ್ರು ನಾನೇ ಬಿಡ್ಸಿದ್ದು ಅಂತಿದ್ರಲ್ಲ?"

ಬೇಕರಿಯವರು ಜೋರಾಗಿ ನಕ್ಕುಬಿಟ್ಟರು. "ಬಾಯಿಪಾಠ ಮಾಡ್ಕೊಂಡು ಬಂದು ನಮ್ ಮುಂದೆ ಬುಡ್ತಿದ್ದ ಅನ್ನಿ! ಕಳ್ಳ ನನ್ಮಗ." ನಕ್ಕ ಮೇಲೆ ತಮ್ಮನ ಹೆಂಡತಿಯ ಕಡೆ ನೋಡಿ ಪೆಚ್ಚಾದರು. ಅವಳೂ ನಗುತ್ತಿದ್ದಳು.

ನನ್ನ ಶ್ರಮವನ್ನು ಇಷ್ಟು ವರ್ಷ ಅವನು ತನ್ನದೆಂದು ಹೇಳಿಕೊಂಡಿದ್ದಾನೆ. ನನಗೆ ಸಿಟ್ಟು ಬರಬೇಕಿತ್ತು, ಇಲ್ಲವೆ ಹೆಮ್ಮೆಯಾದರೂ ಆಗಬೇಕಿತ್ತು. ಎರಡಕ್ಕೂ ಸ್ವಲ್ಪ ಹೊತ್ತು ಕಾದೆ. ಕಾಫಿ ಆರಿತ್ತು, ಬಿಸಿ ಮಾಡಲು ಎದ್ದು ಹೋದೆ.

ವಾಪಸು ಬಂದಾಗ ಇಬ್ಬರೂ 'ಮೆಟ್ಟಿಲು' ಆಲ್ಬಮ್ಮಿನ ಹಾಳೆ ಹಿಡಿದುಕೊಂಡಿದ್ದರು. ಅದರ ಕೊನೆಯ ಹಾಡಿನಲ್ಲಿ ಹಾಡುವವನು ದಿನವೆಲ್ಲ ಬೀದಿ ಸುತ್ತಿ, ದಣಿದು, ಕೊನೆಗೆ 'ಕ್ರಿಬ್‌'ಗೆ ಮರಳುತ್ತಾನೆ. ಅಲ್ಲಿ ಅಮ್ಮ ದೀಪ ಹಚ್ಚಿಟ್ಟು ಕಾಯುತ್ತಿರುತ್ತಾಳೆ. ನನ್ನ ಡಿಕ್ಷನರಿಯಲ್ಲಿ ಕ್ರಿಬ್ ಎಂದರೆ ದನಕ್ಕೆ ಮೇವು ಹಾಕುವ ಗೋದಲಿ ಎಂದಿತ್ತು. ಹಾಗೇ ಬರೆದಿದ್ದೆ. ಈ ಒಂದು ಪದದ ಮೇಲೆ ಮೇಷ್ಟ್ರಿಗೂ ತಮ್ಮನಿಗೂ ವರ್ಷಗಟ್ಟಲೆ ವಾದ ನಡೆದಿತ್ತಂತೆ. ತಮ್ಮನ ಪ್ರಕಾರ ಹಾಡುವವನು ತನ್ನನ್ನು ಎತ್ತು ಎಂದುಕೊಂಡಿದ್ದಾನೆ. ದಿನವಿಡೀ ಯಾರಿಗೋ ದುಡಿದು ಸಂಜೆ ಗೋದಲಿಗೆ ಬರುವ ಎತ್ತು. ಮೇಷ್ಟ್ರ ಪ್ರಕಾರ ಅದು ಕ್ರಿಸ್ಮಸ್ಸಿನ ಗೋದಲಿ. ಬಡವರ ಮಗ, ದನಗಳ ನಡುವೆ ಹುಟ್ಟಿದವನು, ತಾಯಿ, ದೀಪ, ಎಲ್ಲ ಕೂಡಿಬರುತ್ತದೆ. ಚರ್ಚಿನಲ್ಲಿ ಕಟ್ಟುವ ಗೋದಲಿಗೂ ಇವರೆಲ್ಲ ಕ್ರಿಬ್ ಎಂದೇ ಹೇಳುವುದು.

"ಎತ್ತೋ ಯೇಸುವೋ ಅಂತ ಎಷ್ಟೋ ಮಳೆಗಾಲ ಜಗಳ ಆಡಿದೀವಿ ಮೇಡಂ" ಎಂದರು ಮೇಷ್ಟ್ರು. "ಬರೆದೋರು ನೀವು. ನೀವೇ ಹೇಳಿ."

"ನಾನ್ ಮೊದ್ಲಿಂದ ಹೇಳ್ತಾನೇ ಇವ್ನಿ, ಮನೆ ಅಂತ" ಎಂದರು ಬೇಕರಿಯವರು. "ಸುಸ್ತಾದೋನು ಇನ್ನೆಲ್ಲಿಗೆ ಓಯ್ತಾನೆ?"

"ನೀವು ಸುಮ್ನಿರಿ, ಇದು ಸಾಹಿತ್ಯದ ವಿಷ್ಯ" ಎಂದರು ಮೇಷ್ಟ್ರು.

ಮಾರನೆಯ ದಿನ ಅಂಗಡಿಯಲ್ಲಿ, ಒಂದು ಅಫಿಡವಿಟ್ಟು ಮುಗಿದು ಇನ್ನೊಂದು ಬರುವ ನಡುವೆ, ಆ ಪದವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಅರೆ ನಿಮಿಷವೂ ಹಿಡಿಯಲಿಲ್ಲ. ಅಲ್ಲಿನ ಬೀದಿಮಾತಿನಲ್ಲಿ ಅದಕ್ಕೆ ಮನೆ ಎಂದು ಅರ್ಥ. ಅಷ್ಟೇ. ಎತ್ತೂ ಇಲ್ಲ, ಯೇಸುವೂ ಇಲ್ಲ. ನಾನು ಹತ್ತೊಂಬತ್ತರಲ್ಲಿ ಮಾಡಿದ ತಪ್ಪಿನ ಮೇಲೆ ಇಬ್ಬರು ದೊಡ್ಡವರು ಎಷ್ಟೋ ಮಳೆಗಾಲ ಕಳೆದಿದ್ದರು. ಹೊರಗೆ ಯಾರೋ ಹೆಸರು ತಿದ್ದುಪಡಿಗೆ ಬಂದು ನಿಂತಿದ್ದರು. ಕರೆದು ಕೂರಿಸಿದೆ.

ಆಮೇಲೆ ಎರಡು ಭಾನುವಾರ ಕಳೆದರೂ ಹೇಳಲಿಲ್ಲ. ಹೇಳಬೇಕೆಂಬ ಒತ್ತಾಯ ಒಳಗಿನಿಂದ ಬರಲಿಲ್ಲ. ಡಿಸೆಂಬರಿನ ಮೊದಲ ಭಾನುವಾರ ಮೇಷ್ಟ್ರು ಹೊಸ ಹುರುಪಿನಲ್ಲಿ ಬಂದರು. ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಚರ್ಚಿನ ಅಂಗಳದಲ್ಲಿ ಗೋದಲಿಯ ಎದುರು ಮಕ್ಕಳ ಹಾಡು ಇರುತ್ತದೆ. ಈ ವರ್ಷ ಆ ಕನ್ನಡ ಹಾಡಿನ ಕೆಳಗೆ 'ಮೆಟ್ಟಿಲು' ಆಲ್ಬಮ್ಮಿನ ಕೊನೆಯ ಹಾಡಿನ ಮಂದ್ರದ ನಾಲ್ಕು ಸ್ವರಗಳನ್ನು ನುಡಿಸುತ್ತಾರಂತೆ. ಹಾಡಿಗೆ ಮುಂಚೆ ಮೈಕಿನಲ್ಲಿ ಎರಡು ಮಾತೂ ಆಡುತ್ತಾರಂತೆ: ದೂರದ ಅಮೆರಿಕದ ಬೀದಿಯ ಹುಡುಗನೊಬ್ಬ ಗೋದಲಿಯನ್ನು ನೆನೆದು ಹಾಡಿದ್ದನ್ನು ನನಗೆ ತಿಳಿಸಿಕೊಟ್ಟವರು ಒಬ್ಬ ಗೆಳೆಯರು, ಅವರು ಈಗಿಲ್ಲ ಎಂದು.

"ಫಾದರ್ ಒಪ್ಪಿದಾರೆ. ನೀವೆಲ್ಲ ಬರ್ಬೇಕು" ಎಂದರು.

ಅವರು ಹೋದ ಮೇಲೆ ತಮ್ಮನ ಹೆಂಡತಿಯೂ ನಾನೂ ಕೆಳಗೆ ಲೋಟ ತೊಳೆಯುತ್ತಿದ್ದೆವು. ಅಷ್ಟು ಜನರ ಮುಂದೆ ಮೇಷ್ಟ್ರು ತಪ್ಪು ಹೇಳಿ ಯಾರಾದರೂ ನಕ್ಕರೆ? ಮೊದಲು ಇವಳಿಗಾದರೂ ಹೇಳೋಣವೆಂದು ಬಾಯಿಬಿಟ್ಟೆ.

"ಆ ಗೋದಲಿ ಅನ್ನೋದು ತಪ್ಪು ಕಣಮ್ಮ. ಮನೆ ಅಂತ ಅಂತೆ ಅದು. ನಾನೇ ತಪ್ಪು ಬರೆದುಕೊಟ್ಟಿದ್ದೆ."

ಅವಳು ಕೈ ನಿಲ್ಲಿಸಲಿಲ್ಲ. "ಅವ್ರಿಗೆ ಗೊತ್ತಿತ್ತು ಅತ್ಗೆ."

"ಏನು?"

"ಯೋಗದ ಹೆಂಗ್ಸು ಒಬ್ರು ಬರ್ತಿದ್ರಲ್ಲ, ಬೆಳ್ಳಿ ಕೂದಲಿನೋರು. ಅವ್ರು ಹೇಳಿದ್ರಂತೆ, ಮನೆ ಅಂತ. ತುಂಬಾ ವರ್ಷ ಆಯ್ತು. ನಾನು, ಹೋಗಿ ಅತ್ಗೆಗೆ ಹೇಳಿ ಅಂದೆ. ಬೇಡ ಬುಡು, ಅಕ್ಕ ಡಿಕ್ಷನರಿ ನೋಡ್ಕೊಂಡು ಕಷ್ಟಪಟ್ಟು ಬರ್ಕೊಟ್ಟವ್ಳೆ ಅಂದ್ರು."

"ಮೇಷ್ಟ್ರಿಗಾದ್ರೂ ಹೇಳ್ಬಹುದಿತ್ತಲ್ಲ?"

"ಅವ್ರಿಗ್ಯಾಕೆ ಹೇಳ್ತಾರೆ? ಜಗಳ ಚೆನ್ನಾಗಿ ನಡೀತಿತ್ತಲ್ಲ."

ನಾನು ಲೋಟಗಳನ್ನು ಬೋರಲು ಹಾಕಿದೆ. ಹಾಕಿದ್ದ ಲೋಟವನ್ನೇ ಎತ್ತಿ ಮತ್ತೆ ಒರೆಸಿದೆ. ಅವಳು ನನ್ನ ಮುಖ ನೋಡುತ್ತಿದ್ದಳು, ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದಳೇನೋ. ಆಗಲಿಲ್ಲ. "ಸೊಪ್ಪು ತಂದಿದೀನಿ, ಅರ್ಧ ತಗೊಂಡ್ಹೋಗು" ಎಂದೆ.

ಮುಂದಿನ ಭಾನುವಾರ ಮೇಷ್ಟ್ರಿಗೆ ಹೇಳಿದೆ. ಸುತ್ತಿಬಳಸದೆ, ಅವರು ಚಪ್ಪಲಿ ಬಿಡುತ್ತಿರುವಾಗಲೇ. ಅವರು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟರು.

"ಮನೆ" ಎಂದರು.

"ಹೂಂ, ಮನೆ."

"ಬರೀ ಮನೆ."

"ತಪ್ಪು ನಂದು ಮೇಷ್ಟ್ರೇ. ಅವನಿಗೆ ಆಮೇಲೆ ಗೊತ್ತಾಗಿತ್ತಂತೆ, ಆದ್ರೂ ಹೇಳಲಿಲ್ಲ."

ಮೇಷ್ಟ್ರು ಮೇಲೆ ಹೋಗಿ ಕೂತು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬೇಕರಿಯವರು ಬಾಯಿ ತೆರೆದವರು ಅವರ ಮುಖ ನೋಡಿ ಬನ್ನಿನ ಪೊಟ್ಟಣ ಬಿಚ್ಚತೊಡಗಿದರು. ಅವತ್ತು ಯಾರೂ ರೆಕಾರ್ಡು ಹಾಕಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಮೇಷ್ಟ್ರು, "ಅಷ್ಟು ವರ್ಷ ಎದುರಿಗೆ ಕೂತು ಎತ್ತು ಎತ್ತು ಅಂತ ಕಿರುಚಾಡಿದ್ನಲ್ಲ ನಿಮ್ ತಮ್ಮ, ಸುಳ್ಳು ಅಂತ ಗೊತ್ತಿದ್ದೂ!" ಎಂದರು. ಅವರು ತಮ್ಮನ ಬಗ್ಗೆ ಏಕವಚನದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೇಕರಿಯವರು ಅವರ ಬೆನ್ನ ಮೇಲೆ ಕೈಯಿಟ್ಟರು.

ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಆರಕ್ಕೆ ನಾವು ಮೂವರೂ ಹೋದೆವು. ನಾನು, ತಮ್ಮನ ಹೆಂಡತಿ, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದ ಬೇಕರಿಯವರು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಅಂಗಳದ ತುಂಬ ಕುರ್ಚಿ, ಹೊಸ ಬಟ್ಟೆಯ ಮಕ್ಕಳು. ಒಂದು ಮೂಲೆಯಲ್ಲಿ ಬಿದಿರು, ಹುಲ್ಲು, ಸಗಣಿ ಬಣ್ಣದ ಕಾಗದದಿಂದ ಗೋದಲಿ ಕಟ್ಟಿದ್ದರು. ಮಣ್ಣಿನ ಹಸುವಿನ ಒಂದು ಕಿವಿ ಮುರಿದಿತ್ತು. ಹಾಸಿದ್ದು ಬತ್ತದ ಹುಲ್ಲು, ಈ ವರ್ಷದ್ದೇ, ಇನ್ನೂ ವಾಸನೆಯಿತ್ತು.

ಮೇಷ್ಟ್ರು ಮೈಕಿನ ಹತ್ತಿರ ಹೋಗಲಿಲ್ಲ. ಯಾವ ಮಾತನ್ನೂ ಆಡದೆ ಕೀಬೋರ್ಡಿನ ಮುಂದೆ ಕೂತರು. ಮಕ್ಕಳು ಹಾಡಲು ಶುರು ಮಾಡಿದರು. ಎರಡನೆಯ ಸಾಲಿಗೆ ಕೆಳಗಿನಿಂದ ಆ ನಾಲ್ಕು ಸ್ವರಗಳು ಬಂದವು. ಸುತ್ತಿದವು, ಮತ್ತೆ ಬಂದವು. ಛಾವಣಿಯ ಮೂಲಕ ಎಷ್ಟೋ ಭಾನುವಾರ ಕೇಳಿದ್ದ ಸದ್ದು. ಅಂಗಳದಲ್ಲಿದ್ದವರಿಗೆ ಅದೊಂದು ಹಾಡು, ಅಷ್ಟೇ. ಒಬ್ಬರೂ ತಿರುಗಿ ನೋಡಲಿಲ್ಲ. ಬೇಕರಿಯವರು ತಲೆ ಬಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ತಾಳ ಹಾಕುತ್ತಿದ್ದರು. ತಮ್ಮನ ಹೆಂಡತಿ ಅಳುತ್ತಿದ್ದಳು, ಸದ್ದಿಲ್ಲದೆ, ಬಹಳ ಹೊತ್ತು. ನಾನು ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ನನಗೆ ಬರಬಹುದೇನೋ ಎಂದು ಮುರಿದ ಕಿವಿಯ ಹಸುವನ್ನೇ ನೋಡುತ್ತ ನಿಂತೆ. ಬರಲಿಲ್ಲ. ಹಾಡು ಮುಗಿದು ಮಕ್ಕಳಿಗೆ ಕೇಕು ಹಂಚಿದರು. ನಮಗೂ ಒಂದೊಂದು ತುಂಡು ಕೊಟ್ಟರು. "ಎಸೆನ್ಸ್ ಜಾಸ್ತಿ ಹಾಕವ್ರೆ" ಎಂದರು ಬೇಕರಿಯವರು.

ಜನವರಿಯಲ್ಲಿ ತಮ್ಮನ ಹೆಂಡತಿ, ರೆಕಾರ್ಡುಗಳೆಲ್ಲ ಇದ್ದಲ್ಲೇ ಇರಲಿ, ಆದರೆ ಕೋಣೆಯ ಒಂದು ಗೋಡೆಗೆ ತನ್ನ ಮಂಚ ಹಾಕಿಕೊಳ್ಳುತ್ತೇನೆ ಎಂದಳು. ನಾವೆಲ್ಲ ಸೇರಿ ಮಂಚ ಎತ್ತಿ ಹಾಕಿದೆವು. ಭಾನುವಾರಗಳು ನಡೆದಿವೆ. ಈಗ ಅರ್ಥ ಹೇಳುವ ಕೆಲಸ ನನ್ನದು. ಮೊದಲೇ ಅಂಗಡಿಯಲ್ಲಿ ಹುಡುಕಿ, ಪ್ರಿಂಟು ತೆಗೆದುಕೊಂಡು ಹೋಗುತ್ತೇನೆ. ಹಳೆಯ ಹಾಳೆಗಳಲ್ಲಿ ಗೋದಲಿಯಂಥ ತಪ್ಪುಗಳು ಇನ್ನೂ ಬೇಕಾದಷ್ಟು ಸಿಕ್ಕಿವೆ. ಮೇಷ್ಟ್ರು ಅವುಗಳಲ್ಲಿ ಕೆಲವನ್ನು ತಿದ್ದಲು ಒಪ್ಪುವುದಿಲ್ಲ.

ಕಳೆದ ಭಾನುವಾರ 'ಬೊಚ್ಚುಬಾಯಿ ತಾತ' ಹಾಕಿದ್ದೆವು. ಈ ಆಲ್ಬಮ್ಮುಗಳಲ್ಲಿ ಹಾಡು ಹಾಡಿನ ನಡುವೆ ಸಣ್ಣ ಮಾತುಕತೆಗಳಿರುತ್ತವೆ; ಯಾರೋ ಬಾಗಿಲು ಬಡಿಯುವುದು, ಪಕ್ಕದ ಮನೆಯವಳು ಬೈಯುವುದು, ತಾತ ಗೊಣಗುವುದು. ಬೇಕರಿಯವರು "ಈ ಲೊಳಲೊಟ್ಟೆ ಯಾಕೆ, ಹಾಡಿಗೆ ಓಗಣ" ಎಂದು ಸೂಜಿ ಎತ್ತಲು ಕೈ ಚಾಚಿದರು.

"ಮುಟ್ಬೇಡಿ!" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ನನ್ನ ದನಿ ಅಷ್ಟು ಜೋರಾಗಿ ಹೊರಟಿತ್ತು.

"ಅದೂ ಆಲ್ಬಮ್ಮೇ ಕಣ್ರೀ! ಅವಳು ಬೈಯದೇ ಇದ್ರೆ ಮುಂದಿನ ಹಾಡಲ್ಲಿ ಅವನು ಯಾಕೆ ಕ್ಷಮೆ ಕೇಳ್ತಾನೆ? ಕೇಳೋದಾದ್ರೆ ಪೂರ್ತಿ ಕೇಳಿ, ಇಲ್ಲಾಂದ್ರೆ ಬೇಕರೀಲಿ ರೇಡಿಯೋ ಹಾಕ್ಕೊಳಿ!"

"ಅಯ್ಯೋ, ಸರಿ ಅಕ್ಕ" ಎಂದು ಅವರು ಕೈ ಹಿಂದೆ ತೆಗೆದುಕೊಂಡರು. ಮೇಷ್ಟ್ರು, ಇಲ್ಲ, ಕೆಲವನ್ನು ಬಿಟ್ಟರೆ ತಪ್ಪಿಲ್ಲ ಎಂದು ಅವರ ಪರ ವಹಿಸಿದರು. ನಾನು ಒಪ್ಪಲಿಲ್ಲ. ಕಿವಿ ಬಿಸಿಯಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಗಂಟೆಯವರೆಗೆ ವಾದ ಮಾಡಿದೆವು.

ಅವರು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಅಕ್ಕಿ ತೊಳೆಯುತ್ತಿರುವಾಗ, ಮೇಷ್ಟ್ರಿಗೆ ಹೇಳಬೇಕಿದ್ದ ಇನ್ನೊಂದು ಮಾತು ಹೊಳೆಯಿತು. ಅಕ್ಕಿಯನ್ನು ಅಲ್ಲೇ ಬಿಟ್ಟು ಮೇಲೆ ಹತ್ತಿದೆ. ತಮ್ಮನ ಹೆಂಡತಿ ಮಂಚದ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವಳಿಗೇ ಎಲ್ಲವನ್ನೂ ಹೇಳಿದೆ, ಆ ಆಲ್ಬಮ್ಮಿನಲ್ಲಿ ಬೈಗುಳಕ್ಕೆ ಯಾಕೆ ಅಷ್ಟು ಜಾಗ ಕೊಟ್ಟಿದ್ದಾರೆ ಎಂಬುದರಿಂದ ಹಿಡಿದು. ಅವಳು ಜಡೆ ಬಿಚ್ಚಿಕೊಂಡೇ ಕೇಳಿಸಿಕೊಂಡಳು.

"ಅತ್ಗೆ, ಇದ್ರ ಬಗ್ಗೆ ನಿಮ್ಗೆ ಇಷ್ಟೊಂದು ಹುಚ್ಚು ಇದ್ಯಾ?" ಎಂದಳು.

"ಇದೆ" ಎಂದೆ. ಕೆಳಗಿಳಿದು ಬಂದು ಕುಕ್ಕರ್ ಇಟ್ಟೆ.